ಎಚ್‌ಐವಿ ಇರುವ ಮಕ್ಕಳು, ಎಚ್‌ಐವಿ ಇರುವ ಮನೆಯ ಮಕ್ಕಳು: ನಮ್ಮ ಕರಾವಳಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿಯವರೆಗೆ ಇಂಥ ಮಕ್ಕಳಿರುವ ಮನೆಗಳಿಗೆ ಹಲವು ವರ್ಷಗಳಿಂದ ಹೋಗಿಬರುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಜೊತೆಗೆ ಆಸ್ಪತ್ರೆಗೆ ಬರುತ್ತೇನೆ, ಅರ್ಜಿ ತುಂಬಿಕೊಡುತ್ತೇನೆ, ಜಗಲಿಯಲ್ಲಿ ಕೂತು ಮಾತು ಕೇಳುತ್ತೇನೆ. ನಿಜವಾದ ಪ್ರಶ್ನೆಗಳು ಬರುವುದು ನಾನು ಹೊರಡಲು ಎದ್ದು ಚಪ್ಪಲಿ ಹಾಕುವ ಹೊತ್ತಿಗೆ. ದನಿ ಇಳಿಸಿ, ಒಳಗೆ ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರಾ ಅಂತ ಒಮ್ಮೆ ತಿರುಗಿ ನೋಡಿ ಕೇಳುತ್ತಾರೆ. ಅಂಥ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ಮದ್ದಿನ ವಿಷಯದಲ್ಲಿ ಕೊನೆಯ ಮಾತು ನಿಮ್ಮ ಡಾಕ್ಟರದ್ದೇ.

ತಾಯಿಗೆ ಎಚ್‌ಐವಿ ಇದ್ದರೆ ಮಗುವಿಗೂ ಬಂದೇ ಬರುತ್ತದಾ?

ಇಲ್ಲ. ಬರುವ ದಾರಿ ಮೂರು: ಹೊಟ್ಟೆಯಲ್ಲಿದ್ದಾಗ, ಹೆರಿಗೆಯ ಹೊತ್ತಿನಲ್ಲಿ, ಎದೆಹಾಲಿನ ಮೂಲಕ. ಏನೂ ಚಿಕಿತ್ಸೆ ಇಲ್ಲದಿದ್ದರೆ ನೂರು ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಬರಬಹುದು. ತಾಯಿ ಬಸುರಿಯಾದಾಗಿನಿಂದಲೇ ಸರಿಯಾಗಿ ಗುಳಿಗೆ ತೆಗೆದುಕೊಂಡು, ಮಗುವಿಗೂ ಔಷಧಿ ಕೊಟ್ಟರೆ ಅದು ನೂರಕ್ಕೆ 5ಕ್ಕಿಂತ ಕೆಳಗೆ ಇಳಿಯುತ್ತದೆ. ಅದಕ್ಕೇ ತಾಯಿ ಕಾರ್ಡ್ ಮಾಡಿಸುವಾಗ ಎಲ್ಲ ಬಸುರಿಯರಿಗೂ ಎಚ್‌ಐವಿ ಪರೀಕ್ಷೆ ಮಾಡುತ್ತಾರೆ. ನಿಮ್ಮ ಮೇಲೆ ಅನುಮಾನಪಟ್ಟು ಮಾಡುವುದಲ್ಲ. ಬೇಡ ಅನ್ನಬೇಡಿ.

ಮಗು ಹುಟ್ಟಿದ ಮೇಲೆ ಏನೇನು ಮಾಡಬೇಕು?

ಹುಟ್ಟಿದ ಕೂಡಲೇ ಸಿರಪ್ ಶುರು ಮಾಡುತ್ತಾರೆ. ಕನಿಷ್ಠ 6 ವಾರ, ಕೆಲವು ಮಕ್ಕಳಿಗೆ 12 ವಾರ. 6 ವಾರಕ್ಕೆ ಮೊದಲ ರಕ್ತ ಪರೀಕ್ಷೆ. ಮಗುವಿನ ಹಿಮ್ಮಡಿಯಿಂದ ನಾಲ್ಕೈದು ಹನಿ ರಕ್ತ ತೆಗೆದು ಒಂದು ಕಾಗದದ ಮೇಲೆ ಒಣಗಿಸಿ ಲ್ಯಾಬಿಗೆ ಕಳಿಸುತ್ತಾರೆ. ಆಮೇಲೆ 6 ತಿಂಗಳಿಗೆ, 12 ತಿಂಗಳಿಗೆ ಮತ್ತೆ ಪರೀಕ್ಷೆ. ಕೊನೆಯದು 18 ತಿಂಗಳಿಗೆ. ದೊಡ್ಡವರಿಗೆ ಮಾಡುವ ಮಾಮೂಲು ಪರೀಕ್ಷೆಯನ್ನು ಕೂಸಿಗೆ ಮಾಡಿದರೆ ತಾಯಿಯಿಂದ ಬಂದ ಪ್ರತಿಕಾಯಗಳೇ (ವೈರಸ್ ವಿರುದ್ಧ ತಾಯಿಯ ಮೈ ತಯಾರಿಸಿದ ಕಣಗಳು) ಕಾಣುತ್ತವೆ, ಮಗುವಿನ ನಿಜ ಸ್ಥಿತಿ ತಿಳಿಯುವುದಿಲ್ಲ. ಹಾಗಾಗಿ ಹೊರಗಿನ ಲ್ಯಾಬಿನಲ್ಲಿ ಒಮ್ಮೆ ಮಾಡಿಸಿ ಪಾಸಿಟಿವ್ ಬಂತು ಅಂತ ಎದೆ ಒಡೆದುಕೊಳ್ಳಬೇಡಿ.

ಮೊದಲ ಪರೀಕ್ಷೆ ನೆಗೆಟಿವ್ ಬಂದ ಖುಷಿಗೆ ಉಳಿದವನ್ನು ಬಿಟ್ಟುಬಿಡುವವರು ಜಾಸ್ತಿ. ಹಾಲು ಕುಡಿಯುವಷ್ಟು ದಿನ ಅಪಾಯ ಇದ್ದೇ ಇರುತ್ತದೆ. 18 ತಿಂಗಳ ಪರೀಕ್ಷೆಯನ್ನು ತಪ್ಪಿಸಬೇಡಿ. ಅಕಸ್ಮಾತ್ ಪಾಸಿಟಿವ್ ಬಂದರೆ ಒಂದು ದಿನವನ್ನೂ ಕಳೆಯಬೇಡಿ. ಚಿಕಿತ್ಸೆ ಸಿಗದಿದ್ದರೆ ಸೋಂಕಿರುವ ಕೂಸುಗಳಲ್ಲಿ ಅರ್ಧದಷ್ಟು 2 ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತವೆ. ಚಿಕಿತ್ಸೆ ಸಿಕ್ಕ ಮಕ್ಕಳು ಬೆಳೆದು ಕಾಲೇಜಿಗೆ ಹೋಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಎದೆಹಾಲು ಕೊಡಬಹುದಾ?

ತಾಯಿ ಗುಳಿಗೆ ತಪ್ಪಿಸದಿದ್ದರೆ ಕೊಡಬಹುದು. ಮೊದಲ 6 ತಿಂಗಳು ಬರೀ ಎದೆಹಾಲು. ಇಲ್ಲೇ ನಮ್ಮ ಮನೆಗಳಲ್ಲಿ ಎಡವಟ್ಟಾಗುವುದು. ಬಾಣಂತಿ ಮಲಗಿದ್ದಾಗ ಅಜ್ಜಿ ಪ್ರೀತಿಯಿಂದ ಒಂದು ಚಮಚ ಆಕಳ ಹಾಲು, ಬೆರಳಲ್ಲಿ ಜೇನುತುಪ್ಪ, ಸ್ವಲ್ಪ ಬಜೆ ತೇಯ್ದು ಕೊಟ್ಟುಬಿಡುತ್ತಾರೆ. ಎದೆಹಾಲಿನ ಜೊತೆ ಬೇರೆ ಏನನ್ನಾದರೂ ಬೆರೆಸಿ ಕೊಟ್ಟರೆ ಕೂಸಿನ ಕರುಳಿಗೆ ಪೆಟ್ಟಾಗಿ ಸೋಂಕಿಗೆ ದಾರಿಯಾಗುತ್ತದೆ. ಅಜ್ಜಿಗೆ ಕಾರಣ ಹೇಳಲು ಇಷ್ಟವಿಲ್ಲದಿದ್ದರೆ "ಡಾಕ್ಟರ್ ಬೇಡ ಅಂದಿದ್ದಾರೆ" ಅಂದರೆ ಸಾಕು. ಹೇಗಿದ್ದರೂ ಎಲ್ಲ ಕೂಸುಗಳಿಗೂ ಡಾಕ್ಟರು ಹೇಳುವುದು ಅದನ್ನೇ.

ದೊಡ್ಡ ಮಗ ಗಟ್ಟಿಮುಟ್ಟಾಗಿದ್ದಾನೆ. ಅವನಿಗೂ ಪರೀಕ್ಷೆ ಬೇಕಾ?

ಬೇಕು. ತಾಯಿಗೆ ಇದೆ ಅಂತ ಗೊತ್ತಾದ ಮೇಲೆ ಎಲ್ಲ ಮಕ್ಕಳಿಗೂ ಒಮ್ಮೆ ಮಾಡಿಸಿ. ಹತ್ತು ವರ್ಷದವರೆಗೂ ಏನೂ ತೋರದೆ ಇರುವ ಮಕ್ಕಳಿದ್ದಾರೆ. ತಾಲ್ಲೂಕು ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಪರೀಕ್ಷೆ ಮತ್ತು ಆಪ್ತಸಲಹೆಯ ಕೇಂದ್ರದಲ್ಲಿ, ಪರೀಕ್ಷೆ ಉಚಿತ. ಮೊದಲೂ ಆಮೇಲೂ ಕೌನ್ಸಿಲರ್ ಕೂರಿಸಿ ಮಾತಾಡುತ್ತಾರೆ.

ಗುಳಿಗೆಗೆ ದುಡ್ಡು ಕೊಡಬೇಕಾ? ಎಷ್ಟು ವರ್ಷ ತೆಗೆದುಕೊಳ್ಳಬೇಕು?

ದುಡ್ಡಿಲ್ಲ. ಏಪ್ರಿಲ್ 2004ರಿಂದ ನಮ್ಮ ದೇಶದಲ್ಲಿ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತ್ತಿಕ್ಕುವ ಔಷಧಿ, ಸರ್ಕಾರದಿಂದ ಉಚಿತವಾಗಿ ಸಿಗುತ್ತಿದೆ. ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡುವ ವೈರಲ್ ಲೋಡ್ ಪರೀಕ್ಷೆಯೂ ಉಚಿತ. ಮೊದಲು ಸಿಡಿ4 (ರೋಗ ತಡೆಯುವ ರಕ್ತಕಣಗಳ ಲೆಕ್ಕ) ಇಳಿಯುವ ತನಕ ಕಾಯಿಸುತ್ತಿದ್ದರು. 2017ರಿಂದ ಸೋಂಕು ಗೊತ್ತಾದ ಎಲ್ಲರಿಗೂ ಕೂಡಲೇ ಔಷಧಿ ಶುರು ಮಾಡುತ್ತಾರೆ.

ಜೀವನಪೂರ್ತಿ ತೆಗೆದುಕೊಳ್ಳಬೇಕು. ಮಕ್ಕಳ ಡೋಸ್ ತೂಕದ ಮೇಲೆ ನಿಲ್ಲುತ್ತದೆ. ಮಗು ಬೆಳೆದ ಹಾಗೆ ಡೋಸ್ ಬದಲಾಗಬೇಕು. ಹಾಗಾಗಿ ಪ್ರತಿ ಸಲ ಮಗುವನ್ನೂ ಕರೆದುಕೊಂಡು ಹೋಗಿ. "ಶಾಲೆ ತಪ್ಪುತ್ತದೆ, ನಾನೊಬ್ಬಳೇ ಹೋಗಿ ತರುತ್ತೇನೆ" ಅಂದರೆ ವರ್ಷದ ಹಿಂದಿನ ತೂಕದ ಡೋಸನ್ನೇ ಮಗು ನುಂಗುತ್ತಿರುತ್ತದೆ.

ದಿನಾ ತಪ್ಪದೆ ಗುಳಿಗೆ ಕೊಡುವುದು ಹೇಗೆ? ಮನೆಗೆ ಜನ ಬರ್ತಾ ಇರ್ತಾರೆ.

ನನಗೆ ಅತಿ ಮುಖ್ಯ ಅನ್ನಿಸುವ ಪ್ರಶ್ನೆ ಇದು.

ಅಂಕೋಲಾ ಕಡೆಯ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಮೊಮ್ಮಗಳ ಗುಳಿಗೆಯನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಡುತ್ತಿದ್ದರು. ಬಾಟಲಿಯ ಚೀಟಿಯನ್ನು ನೀರಲ್ಲಿ ನೆನೆಸಿ ಉಗುರಿನಿಂದ ಕೆರೆದು ತೆಗೆದಿದ್ದರು. ಕಾರವಾರದಿಂದ ಬಸ್ಸಿನಲ್ಲಿ ಬರುವಾಗ ಬಾಟಲಿ ಗಲಗಲ ಅನ್ನಬಾರದು ಅಂತ ಒಳಗೆ ಹತ್ತಿ ತುರುಕಿದ್ದರು. ಅಷ್ಟು ಜೋಪಾನ. ಆದರೆ ರಾತ್ರಿ ಮನೆಗೆ ನೆಂಟರು ಬಂದರೆ ಅಡುಗೆಮನೆಯಲ್ಲಿ ಜನ. ಅಕ್ಕಿ ಡಬ್ಬಿ ತೆಗೆಯಲು ಆಗುತ್ತಿರಲಿಲ್ಲ. ಅವತ್ತಿನ ಗುಳಿಗೆ ತಪ್ಪಿತು. ಚೌತಿ ಹಬ್ಬಕ್ಕೆ ನಾಲ್ಕು ದಿನ ತಪ್ಪಿತು. ಮುಂದಿನ ಪರೀಕ್ಷೆಯಲ್ಲಿ ವೈರಲ್ ಲೋಡ್ ಏರಿತ್ತು. ಆ ಅಜ್ಜಿಯಷ್ಟು ಪ್ರೀತಿ ಇರುವವರು ಸಿಗುವುದು ಕಷ್ಟ. ಗುಳಿಗೆ ತಪ್ಪಿಸಿದ್ದು ಮರೆವಲ್ಲ, ಹೆದರಿಕೆ.

ನಾನು ನೋಡಿದ ಬಹಳ ಮನೆಗಳ ಕಥೆ ಹೀಗೇ ಇದೆ. ಗೊತ್ತಿರಬೇಕಾದ ಒಬ್ಬಿಬ್ಬರಿಗೆ ಗೊತ್ತಿಲ್ಲ, ಗೊತ್ತಾಗಬಾರದ ಹತ್ತು ಜನರಿಗೆ ಹೇಗೋ ಗೊತ್ತಾಗಿರುತ್ತದೆ. ಮಗುವಿನ ಸುತ್ತ ವಿಷಯ ಗೊತ್ತಿರುವ ಇಬ್ಬರು ದೊಡ್ಡವರು ಇರಲೇಬೇಕು. ಒಬ್ಬರು ಮನೆಯೊಳಗೆ, ಇನ್ನೊಬ್ಬರು ಹೊರಗೆ: ಚಿಕ್ಕಮ್ಮ, ಸೋದರಮಾವ, ನಂಬಿಕೆಯ ನೆರೆಯವರು, ಯಾರಾದರೂ ಆಗಲಿ. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಕೊಡುತ್ತಾರೆ. ಆ ಅಜ್ಜಿ ಕೊನೆಗೆ ತಮ್ಮ ಕಿರಿಮಗಳಿಗೆ ಹೇಳಿದರು. ಈಗ ಗುಳಿಗೆ ಇರುವುದು ಹುಡುಗಿಯ ಕಂಪಾಸ್ ಬಾಕ್ಸಿನ ಪಕ್ಕ, ಒಂದು ಪುಟ್ಟ ಬಟ್ಟೆ ಚೀಲದಲ್ಲಿ. ನೆಂಟರು ಕೇಳಿದರೆ "ರಕ್ತ ಕಮ್ಮಿ ಇದೆ, ಅದರ ಗುಳಿಗೆ" ಅನ್ನುತ್ತಾರೆ.

ಇನ್ನು ಕೆಲವು ಮಾತು. ಚಿಕ್ಕ ಮಕ್ಕಳಿಗೆ ನೀರಲ್ಲಿ ಕರಗುವ ಗುಳಿಗೆ ಇದೆ. ಒಂದೆರಡು ಚಮಚ ನೀರಲ್ಲಿ ಕರಗಿಸಿ ಆಗಲೇ ಪೂರ್ತಿ ಕುಡಿಸಿ, ತಳದಲ್ಲಿ ಉಳಿದದ್ದಕ್ಕೆ ಇನ್ನಷ್ಟು ನೀರು ಹಾಕಿ ಅದನ್ನೂ ಕುಡಿಸಿ. ಮರೆತರೆ ನೆನಪಾದ ಕೂಡಲೇ ಕೊಡಿ, ಮರುದಿನ ಎರಡೆರಡು ಕೊಡಬೇಡಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ, ಹೊಟ್ಟೆಯುರಿಯ ಔಷಧಿ ಇವೆಲ್ಲ ಎಆರ್‌ಟಿಯಲ್ಲಿರುವ ಡೊಲುಟೆಗ್ರಾವಿರ್ ಎಂಬ ಮದ್ದಿನ ಬಲವನ್ನು ಕುಗ್ಗಿಸುತ್ತವೆ. ರಾತ್ರಿ ಊಟದ ನಂತರ ಎಆರ್‌ಟಿ ಗುಳಿಗೆ ಕೊಡುವ ಅಭ್ಯಾಸ ಇದ್ದರೆ ಶಾಲೆಯ ಗುಳಿಗೆಯಿಂದ ಈ ತಾಪತ್ರಯ ಇಲ್ಲ. ನಿಮ್ಮ ಮಗುವಿಗೆ ಯಾವ ಹೊತ್ತು ಸರಿ ಅಂತ ಡಾಕ್ಟರ್ ಹತ್ತಿರ ಕೇಳಿಕೊಳ್ಳಿ.

ಮಳೆಗಾಲದಲ್ಲಿ ರಸ್ತೆ ಬಂದ್ ಆದರೆ?

ನಮ್ಮ ಜಿಲ್ಲೆಯವರು ಇದನ್ನು ಕೇಳಲೇಬೇಕು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದ್ ಆಗಿದ್ದು ನೆನಪಿದೆ ಅಲ್ವಾ? ಕುಮಟಾದಿಂದ ಶಿರಸಿಗೆ ಹೋಗುವ ದೇವಿಮನೆ ಘಟ್ಟದ ರಸ್ತೆಯೂ ಮಳೆಗಾಲದಲ್ಲಿ ನಂಬುವಂಥದ್ದಲ್ಲ. ಶಿರಸಿಯಿಂದ ಕಾರವಾರಕ್ಕೆ ನೂರು ಕಿಲೋಮೀಟರಿಗೂ ಜಾಸ್ತಿ. ಮೇ ಕೊನೆಯಲ್ಲೇ ಎಆರ್‌ಟಿ ಸೆಂಟರಿನಲ್ಲಿ ಮಾತಾಡಿ. ಮಗು ಸ್ಥಿರವಾಗಿದ್ದರೆ ಒಂದಕ್ಕಿಂತ ಹೆಚ್ಚು ತಿಂಗಳ ಗುಳಿಗೆ ಕೊಡುವ ವ್ಯವಸ್ಥೆ ಇದೆ. ಮನೆಯಲ್ಲಿ ಯಾವಾಗಲೂ 15 ದಿನದ ಗುಳಿಗೆ ಹೆಚ್ಚಿಗೆ ಇರಲಿ. ಎಆರ್‌ಟಿ ಪುಸ್ತಕದ ಫೋಟೋ ಮೊಬೈಲಿನಲ್ಲಿರಲಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಹತ್ತಿರದ ಬೇರೆ ಸೆಂಟರಿಗೆ ಹೋಗಿ ಅದನ್ನು ತೋರಿಸಿ ಕೇಳಬಹುದು.

ಬಸ್ ಖರ್ಚಿನ ಬಗ್ಗೆ ಒಂದು ಮಾತು. ಜೂನ್ 2023ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ, ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಮಗುವನ್ನು ಅಮ್ಮನೋ ಅಜ್ಜಿಯೋ ಕರೆದುಕೊಂಡು ಬರುವುದು ಇದರಿಂದ ಎಷ್ಟೋ ಸುಲಭವಾಗಿದೆ.

ಏನು ತಿನ್ನಿಸಬೇಕು? ಪಥ್ಯ ಇದೆಯಾ?

ಪಥ್ಯ ಇಲ್ಲ. ದುಬಾರಿ ಪೌಡರ್ ಡಬ್ಬಿಯೂ ಬೇಡ. ನಮ್ಮ ಊಟವೇ ಒಳ್ಳೆಯದು: ಕುಚ್ಚಲಕ್ಕಿ ಗಂಜಿ, ಬಂಗಡೆ, ತಾರಲೆ, ಮೊಟ್ಟೆ, ಹೆಸರುಕಾಳು, ಬಸಳೆ, ನುಗ್ಗೆಸೊಪ್ಪು, ಬಾಳೆಹಣ್ಣು, ರಾಗಿ. ಮೀನು ತಿನ್ನದ ಮನೆಯವರು ಬೇಳೆಕಾಳು, ಹಾಲು, ಮೊಸರು ಜಾಸ್ತಿ ಮಾಡಲಿ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಬೋಟಿನ ಕೂಲಿ ನಂಬಿದ ಮನೆಗಳಲ್ಲಿ ಆ ಎರಡು ತಿಂಗಳು ಮಕ್ಕಳ ತೂಕ ಇಳಿಯುವುದನ್ನು ನೋಡಿದ್ದೇನೆ. ಒಣಮೀನು, ಕಾಳು ಮೊದಲೇ ಕಟ್ಟಿಡಿ. ಅಂಗನವಾಡಿಯ ಆಹಾರ, ಶಾಲೆಯ ಬಿಸಿಯೂಟ, ಮೊಟ್ಟೆ ಯಾವುದನ್ನೂ ಬಿಡಬೇಡಿ. ಎರಡು ತಿಂಗಳಲ್ಲಿ ತೂಕ ಏರದಿದ್ದರೆ, ಎಷ್ಟೇ ದಿನದ್ದಾಗಲಿ ಕೆಮ್ಮು ಇದ್ದರೆ ಕ್ಷಯ ಇರಬಹುದು, ತೋರಿಸಿ.

ನಾಟಿ ಮದ್ದಿನಿಂದ ಬೇರು ಸಮೇತ ಹೋಗುತ್ತದೆ ಅನ್ನುತ್ತಾರಲ್ಲ?

ಹೋಗುವುದಿಲ್ಲ. ಹಾಗೆ ನಂಬಿ ಎಆರ್‌ಟಿ ನಿಲ್ಲಿಸಿದ ಒಂದು ಮಗುವನ್ನು ನಾವು ಉಳಿಸಿಕೊಳ್ಳಲು ಆಗಲಿಲ್ಲ. ಕಷಾಯ, ಕಾಳುಮೆಣಸಿನ ಸಾರು ನೆಗಡಿಗೆ ಇರಲಿ. ಎಆರ್‌ಟಿ ನಿಲ್ಲಿಸಬೇಡಿ.

ಮಗುವಿಗೆ ಯಾವಾಗ, ಹೇಗೆ ಹೇಳಬೇಕು?

"ತಂಗೀ, ಇವನಿಗೆ ಹ್ಯಾಂಗೆ ಹೇಳೂದು?" ಅಂತ ಕೇಳುವಾಗ ಎಷ್ಟೋ ತಾಯಂದಿರು ಅತ್ತುಬಿಡುತ್ತಾರೆ. "ನಿನ್ನಿಂದ ಬಂತು ಅಂತ ಅಂದುಬಿಟ್ಟರೆ?" ಅನ್ನುವ ಭಯ ಅದು.

ಒಂದೇ ದಿನ ಎಲ್ಲ ಹೇಳಬೇಕಾಗಿಲ್ಲ. ಐದಾರು ವರ್ಷದ ಮಗುವಿಗೆ "ನಿನ್ನ ಮೈಯೊಳಗೆ ಒಂದು ಹುಳ ಮಲಗಿದೆ, ಗುಳಿಗೆ ತಗೊಂಡರೆ ಅದು ಏಳುವುದಿಲ್ಲ" ಅಂದರೆ ಸಾಕು. ಎಂಟು ಒಂಬತ್ತಕ್ಕೆ ರಕ್ತ, ರೋಗ ತಡೆಯುವ ಶಕ್ತಿ ಇವೆಲ್ಲ ಅರ್ಥ ಆಗುತ್ತದೆ. 12 ವರ್ಷದೊಳಗೆ ಎಚ್‌ಐವಿ ಎಂಬ ಹೆಸರನ್ನೂ ಹೇಳಿರಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಹೀಗೇ, 6ರಿಂದ 12ರ ನಡುವೆ ಮೆಲ್ಲಮೆಲ್ಲಗೆ ಅಂತ. ಕೌನ್ಸಿಲರ್ ಜೊತೆಗಿದ್ದರೆ ಒಳ್ಳೆಯದು. ಆದರೆ ಮಾತು ನಿಮ್ಮ ಬಾಯಿಂದಲೇ ಬರಲಿ.

ಹನ್ನೊಂದು ವರ್ಷದ ಹುಡುಗನೊಬ್ಬನಿಗೆ ಅವನ ತಾಯಿ ಹೇಳಿದ ದಿನ ನಾನು ಅಲ್ಲಿದ್ದೆ. ತಾಯಿ ಮಾತು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದರು. ಹುಡುಗ ನೆಲ ನೋಡುತ್ತಾ "ನಂಗೆ ಗೊತ್ತಿತ್ತು" ಅಂದ. ಆಸ್ಪತ್ರೆಯಲ್ಲಿ ಸರದಿಗೆ ಕಾಯುವಾಗ ಗೋಡೆಯ ಮೇಲಿನ ಪೋಸ್ಟರ್ ಓದಿದ್ದ. ಎರಡು ವರ್ಷದಿಂದ ಒಬ್ಬನೇ ಆ ವಿಷಯ ಇಟ್ಟುಕೊಂಡಿದ್ದ. ಅಮ್ಮನಿಗೆ ಬೇಜಾರಾಗುತ್ತದೆ ಅಂತ ಕೇಳಿರಲಿಲ್ಲ. ಆಮೇಲೆ ಅವನು ಕೇಳಿದ್ದು ಒಂದೇ ಪ್ರಶ್ನೆ: "ನಾನು ಕಬಡ್ಡಿ ಆಡಬಹುದಾ?" ಆಡಬಹುದು ಅಂದೆವು.

ಓದಲು ಬರುವ ಮಗುವಿಗೆ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಗೊತ್ತಿರುತ್ತದೆ. ತಪ್ಪು ತಿಳಿದಿರುತ್ತದೆ, ಅದೇ ತೊಂದರೆ. ಹೇಳಿದ ಮೇಲೆ ಯಾರ ಹತ್ತಿರ ಮಾತಾಡಬಹುದು ಅನ್ನುವುದನ್ನೂ ಹೇಳಿಕೊಡಿ. "ಇದು ಗುಟ್ಟು, ನಾಚಿಕೆ" ಅನ್ನಬೇಡಿ. "ಇದು ನಿನ್ನ ಸ್ವಂತ ವಿಷಯ" ಅನ್ನಿ.

ಶಾಲೆಗೆ ಹೇಳಬೇಕಾ?

ಬೇಕಾಗಿಲ್ಲ. ಶಾಲೆ ಕೇಳುವ ಹಾಗೂ ಇಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಎಚ್‌ಐವಿ ಕಾರಣಕ್ಕೆ ಶಾಲೆಗೆ ಸೇರಿಸಿಕೊಳ್ಳದಿರುವುದು, ಬೇರೆ ಕೂರಿಸುವುದು, ಹೊರಹಾಕುವುದು ಎಲ್ಲವೂ ಕಾನೂನಿಗೆ ವಿರುದ್ಧ.

ಹಾಗಂತ ನಡೆಯುವುದೇ ಇಲ್ಲ ಅಂತಲ್ಲ. ಒಂದು ಶಾಲೆಯಲ್ಲಿ ವಿಷಯ ಹೇಗೋ ಹರಡಿ, ಬಿಸಿಯೂಟದ ಸಾಲಿನಲ್ಲಿ ಹುಡುಗಿಯೊಬ್ಬಳನ್ನು ಕೊನೆಗೆ, ಎರಡು ಮಾರು ದೂರ ಕೂರಿಸಿದರು. ಅವಳು ಊಟ ಬಿಟ್ಟಳು. ಸಂಜೆ ನಾಲ್ಕೂವರೆಗೆ ಹಸಿದು ಮನೆಗೆ ಬರುತ್ತಿದ್ದಳು. ಮನೆಯವರಿಗೆ ಕಾರಣ ಗೊತ್ತಾಗಲು ಮೂರು ವಾರ ಬೇಕಾಯಿತು. ಕೌನ್ಸಿಲರ್ ಹೋಗಿ ಮುಖ್ಯೋಪಾಧ್ಯಾಯರ ಜೊತೆ ಮಾತಾಡಿದರು, ಕಾಯ್ದೆಯ ಪ್ರತಿ ಕೊಟ್ಟರು. ಮರುವಾರ ಅವಳು ಗೆಳತಿಯರ ನಡುವೆ ಕೂತಳು. ಮಾತಿಗೆ ಬಗ್ಗದಿದ್ದರೆ ಈ ಕಾಯ್ದೆಯಡಿ ದೂರು ವಿಚಾರಿಸಲೆಂದೇ ರಾಜ್ಯ ನೇಮಿಸುವ ಅಧಿಕಾರಿಗೆ (ಒಂಬುಡ್ಸ್‌ಮನ್) ದೂರು ಕೊಡಬಹುದು. 30 ದಿನದೊಳಗೆ ಆದೇಶ ಆಗಬೇಕು.

ಶಿಕ್ಷಕರಿಗೆ ಒಂದು ಮಾತು. ಆಟದಲ್ಲಿ ಯಾವ ಮಗುವಿಗೆ ಗಾಯವಾದರೂ ಕೈಗವಸು ಹಾಕಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಕೊಟ್ಟೆ ಸುತ್ತಿಕೊಂಡು ತೊಳೆಯಿರಿ. ಎಲ್ಲ ಮಕ್ಕಳಿಗೂ ಹೀಗೇ ಮಾಡಿದರೆ ಯಾರಿಗೆ ಏನಿದೆ ಅಂತ ತಿಳಿದುಕೊಳ್ಳುವ ಅಗತ್ಯವೇ ಬೀಳುವುದಿಲ್ಲ.

ಜೊತೆಗೆ ಆಡಿದರೆ, ಉಂಡರೆ, ಸೊಳ್ಳೆ ಕಚ್ಚಿದರೆ?

ಬರುವುದಿಲ್ಲ. ಒಂದೇ ತಟ್ಟೆ, ಒಂದೇ ಬಾವಿ, ಒಂದೇ ಹೊಳೆಯ ಈಜು, ಮುತ್ತು, ಎಂಜಲು, ಸೊಳ್ಳೆ, ಯಾವುದರಿಂದಲೂ ಬರುವುದಿಲ್ಲ.

ಆಸ್ಪತ್ರೆಯವರು, ಆಶಾ ಕಾರ್ಯಕರ್ತೆ ಊರಲ್ಲಿ ಹೇಳಿಬಿಟ್ಟರೆ?

ಹೇಳುವಂತಿಲ್ಲ. ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಎಚ್‌ಐವಿ ವಿಷಯ ಹೊರಹಾಕುವುದನ್ನು ಕಾಯ್ದೆ ತಡೆಯುತ್ತದೆ. ಆದರೂ ಒಂದು ಆಸ್ಪತ್ರೆಯಲ್ಲಿ ನಾನು ಕರೆದುಕೊಂಡು ಹೋದ ಮಗುವಿನ ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಬರೆದು ಮಂಚದ ಕಾಲಿಗೆ ತೂಗುಹಾಕಿದ್ದರು. ಪಕ್ಕದ ಮಂಚದಲ್ಲಿ ಅದೇ ಊರಿನವರು ಇದ್ದರು. ಆಗ ನನಗೆ ಬಾಯಿ ಬರಲಿಲ್ಲ. ಈಗಲೂ ಆ ಬಗ್ಗೆ ಸಂಕಟ ಇದೆ. ನೀವು ಹಾಗೆ ಸುಮ್ನೆ ಇರಬೇಡಿ. ತೆಗೆಯಿರಿ ಅನ್ನಿ, ಲಿಖಿತ ದೂರು ಕೊಡಿ.

ಅಪ್ಪ ಅಮ್ಮ ತೀರಿಹೋದ ಮಕ್ಕಳ ಗತಿ?

ಇಂಥ ಮಕ್ಕಳಲ್ಲಿ ಬಹಳ ಜನರಿಗೆ ಎಚ್‌ಐವಿ ಇರುವುದಿಲ್ಲ. ಆದರೆ ಪೆಟ್ಟು ಅವರಿಗೂ ಬಿದ್ದಿರುತ್ತದೆ. ಅಪ್ಪನ ಕಾಯಿಲೆಯಲ್ಲಿ ಶಾಲೆ ಬಿಟ್ಟು ಆರೈಕೆ ಮಾಡಿರುತ್ತಾರೆ, ಸಾಲ ನೋಡಿರುತ್ತಾರೆ, ಸಾವು ನೋಡಿರುತ್ತಾರೆ. ನೆರವು ಕೊಡುವಾಗ "ಪಾಸಿಟಿವ್ ಅಲ್ಲವಲ್ಲ" ಅಂತ ಇವರನ್ನು ಬಿಟ್ಟುಬಿಡುವುದು ನನಗೆ ಬಹಳ ನೋವಿನ ವಿಷಯ.

ಕಾಯ್ದೆಯಲ್ಲಿ ಇವರಿಗಾಗಿಯೇ ಇರುವ ಕೆಲವು ಮಾತು ಹೆಚ್ಚಿನವರಿಗೆ ಗೊತ್ತಿಲ್ಲ. ಮನೆ, ಜಮೀನಿನ ಕಾಗದಪತ್ರಗಳನ್ನು ಮಕ್ಕಳ ಕಲ್ಯಾಣ ಸಮಿತಿಯಲ್ಲಿ ಸುರಕ್ಷಿತವಾಗಿ ಇಡಬಹುದು. ದೊಡ್ಡಪ್ಪನೋ ಚಿಕ್ಕಪ್ಪನೋ ಮಕ್ಕಳನ್ನು ಮನೆಯಿಂದ ಹೊರಹಾಕಲು ನೋಡಿದರೆ ಅಲ್ಲಿಯೇ ದೂರು ಕೊಡಬಹುದು. 12ರಿಂದ 18 ವರ್ಷದೊಳಗಿನ, ಮನೆ ನಿಭಾಯಿಸುವಷ್ಟು ತಿಳಿವಳಿಕೆ ಇರುವ ಅಕ್ಕನೋ ಅಣ್ಣನೋ ತಮ್ಮ ತಂಗಿಯರಿಗೆ ಪೋಷಕರಾಗಬಹುದು. ಶಾಲೆಗೆ ಸೇರಿಸಲು, ಬ್ಯಾಂಕ್ ಖಾತೆ ನಡೆಸಲು, ಚಿಕಿತ್ಸೆ ಕೊಡಿಸಲು ಅವರ ಸಹಿ ನಡೆಯುತ್ತದೆ. "ದೊಡ್ಡವರನ್ನು ಕರೆದುಕೊಂಡು ಬಾ" ಅಂತ ಹುಡುಗಿಯನ್ನು ಕೌಂಟರಿನಿಂದ ವಾಪಸ್ ಕಳಿಸಿದರೆ ಈ ಮಾತು ಹೇಳಿ.

ಅಮ್ಮ ಬದುಕಿರುವಾಗಲೇ ಮಾಡಿಡಬೇಕಾದ ಕೆಲಸವೂ ಇದೆ. ಪಹಣಿ, ಮನೆ ಕಾಗದ, ಜನನ ಪತ್ರ, ಆಧಾರ್, ಮುಂದೆ ಮಗುವನ್ನು ಯಾರು ನೋಡಿಕೊಳ್ಳಬೇಕು ಅನ್ನುವ ಬರಹ, ಮತ್ತೆ ಒಂದು ಫೋಟೋ. ಫೋಟೋವನ್ನು ಎಲ್ಲರೂ ಮರೆಯುತ್ತಾರೆ. ಮಗು ದೊಡ್ಡದಾದ ಮೇಲೆ ಮೊದಲು ಹುಡುಕುವುದು ಅದನ್ನೇ.

ಹಣದ ನೆರವು ಸಿಗುತ್ತದಾ?

ಮಕ್ಕಳ ರಕ್ಷಣೆಗೆ ಇರುವ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4,000 ರೂಪಾಯಿ ಇದೆ. ಕುಟುಂಬದ ವರ್ಷದ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ದಾಟಬಾರದು. ಕಾರವಾರದ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಕೊಡಿ. ಪಂಚಾಯತಿಯ ಎದುರು ಎಲ್ಲರಿಗೂ ಕಾಣುವ ಹಾಗೆ ಕೊಡಬೇಕಾಗಿಲ್ಲ. ಅರ್ಜಿಯ ಮೇಲೆ ಹಣ ಬರಲು ತಿಂಗಳುಗಳೇ ಹಿಡಿಯಬಹುದು, ನಡುವೆ ವಿಚಾರಿಸುತ್ತಾ ಇರಿ. ದಾರಿ ತಿಳಿಯದಿದ್ದರೆ 1097ಕ್ಕೆ ಫೋನ್ ಮಾಡಿ, ಎಚ್‌ಐವಿ ವಿಷಯಕ್ಕೆಂದೇ ಇರುವ ಉಚಿತ ಸಹಾಯವಾಣಿ. ಮಗು ಅಪಾಯದಲ್ಲಿದ್ದರೆ 1098.

ಮಗಳು ದೊಡ್ಡವಳಾಗುತ್ತಿದ್ದಾಳೆ. ಮುಂದೆ ಮದುವೆ, ಮಕ್ಕಳು?

ಆಗಬಹುದು. ಗುಳಿಗೆ ತಪ್ಪಿಸದೆ, ವೈರಲ್ ಲೋಡ್ ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಿ ಹಾಗೇ ಉಳಿದರೆ ಗಂಡನಿಗೆ ಹರಡುವುದಿಲ್ಲ. ಹುಟ್ಟುವ ಮಕ್ಕಳಿಗೂ ಬಾರದಂತೆ ನೋಡಿಕೊಳ್ಳಬಹುದು. ಆದರೆ ಮದುವೆಯಾಗುವವನಿಗೆ ಮೊದಲೇ ಗೊತ್ತಿರಬೇಕು, ಮುಚ್ಚಿಟ್ಟು ಮಾಡಬೇಡಿ.

ಹದಿನಾಲ್ಕರಿಂದ ಹದಿನೆಂಟು, ಗುಳಿಗೆ ಬಿಡುವ ವಯಸ್ಸು. "ನಂಗೇ ಯಾಕೆ" ಅನ್ನುವ ಸಿಟ್ಟು ಬರುತ್ತದೆ. ಬೈಯಬೇಡಿ, ಎಣಿಸಿ ಕಾವಲು ಕಾಯಬೇಡಿ. ಇದೇ ವಯಸ್ಸಿನ ಇಂಥ ಇನ್ನೊಂದು ಮಗುವಿನ ಪರಿಚಯ ಮಾಡಿಸಲು ಕೌನ್ಸಿಲರ್ ಹತ್ತಿರ ಕೇಳಿ. ಅದರಷ್ಟು ಕೆಲಸ ಮಾಡಿದ್ದನ್ನು ನಾನು ಬೇರೆ ನೋಡಿಲ್ಲ. ಓದಲು ಹುಬ್ಬಳ್ಳಿಗೋ ಮಂಗಳೂರಿಗೋ, ಕೆಲಸಕ್ಕೆ ಗೋವಾಕ್ಕೋ ಹೋದರೆ ಅಲ್ಲಿಯ ಸೆಂಟರಿಗೆ ವರ್ಗಾವಣೆ ಮಾಡಿಸಿ.

ಪಕ್ಕದ ಮನೆಯ ಮಗುವಿಗೆ ಇದೆ ಅಂತ ಗೊತ್ತಾಯಿತು. ನಾನೇನು ಮಾಡಲಿ?

ಯಾರಿಗೂ ಹೇಳಬೇಡಿ, ಗಂಡನಿಗೂ. ನಿಮ್ಮ ಮಕ್ಕಳನ್ನು ಮೊದಲಿನ ಹಾಗೇ ಅಲ್ಲಿಗೆ ಆಡಲು ಕಳಿಸಿ. ಪತ್ರೊಡೆ ಮಾಡಿದ ದಿನ ಒಂದು ತಟ್ಟೆ ಕೊಟ್ಟು ಬನ್ನಿ. ಅವರು ಖಾಲಿ ತಟ್ಟೆಯಲ್ಲಿ ಏನಾದರೂ ಹಾಕಿ ವಾಪಸ್ ಕೊಟ್ಟರೆ ಅಲ್ಲೇ, ಅವರೆದುರಿಗೇ, ಒಂದು ತುಂಡು ಬಾಯಿಗೆ ಹಾಕಿಕೊಳ್ಳಿ.